ಇಂದ್ರವ್ವನ ತಂಡ

ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟವಳ ಕಾಗೆ ಕಾಲು ಗುಬ್ಬಿ ಕಾಲಿನ ಅಕ್ಷರವಿದು. ಮಾತಿನಲ್ಲಿ ತಪ್ಪಿದ್ದರೂ ಮನ್ನಿಸಿ ಓದಿರಿ. ಗೋಕಾಕದ ಹಾಕಿ ತಂಡದವರೆಂದರೆ ನಮ್ಮ ಮೇಲವಂಕಿಯ ಇಂದ್ರವ್ವನಿಗೆ ಹೆತ್ತ ಮಕ್ಕಳಿದ್ದಂತೆ. ಆಟದ ನಡುವಿನ ಬಿಡುವಿನಲ್ಲಿ ಉಪ್ಪು ಸವರಿದ ನಿಂಬೆಹೋಳನ್ನು ತಾನೇ ಅವರ ಬಾಯಿಗಿಡುತ್ತಿದ್ದಳು. ಈ ವರ್ಷ ತಂಡವನ್ನು ಸಕ್ಕರೆ ಕಾರ್ಖಾನೆಯ ಮಾಲೀಕರೊಬ್ಬರು ಕೊಂಡರು. ಮೈದಾನಕ್ಕೆ ಕುರ್ಚಿಗಳು ಬಂದವು, ಹಾಡು ಹಾಕುವ ದೊಡ್ಡ ಸ್ಪೀಕರುಗಳು ಬಂದವು, ನೀಲಿ ಅಂಗಿಯ ಹುಡುಗಿಯರು ಆಟಗಾರರಿಗೆ ಬಣ್ಣದ ನೀರಿನ ಬಾಟಲಿ ಕೊಡತೊಡಗಿದರು. ಆ ಬಾಟಲಿ ಕಂಡರೆ ಇಂದ್ರವ್ವನಿಗೆ ಸವತಿಯನ್ನು ಕಂಡಂತೆ. "ಏನವಾ, ಅಲ್ಲಿ ಓಡಾಕತ್ತಾನಲ್ಲ, ಅಂವನ ಹೆಸರೇನ? ಗೊತ್ತಿಲ್ಲ? ಬರೇ ನೀರು ಕುಡಸಾಕ ಬಂದಿ!" ಎಂದು ಆ ಹುಡುಗಿಯರನ್ನು ಚುಚ್ಚುತ್ತಾಳೆ. ಮೊನ್ನೆ ನಮ್ಮ ತಂಡದ ಕಿಶೋರನ ಮೊಣಕಾಲಿಗೆ ಚೆಂಡು ಬಡಿದಾಗ ಇಂದ್ರವ್ವ ಎದ್ದು ಓಡಿದಳು. ಕಾವಲಿನವನು ಹಗ್ಗದ ಬಳಿ ತಡೆದ: "ಆಯೀ, ಪಾಸ್ ಐತೇನ್ರಿ?" ಅಲ್ಲಿಂದಲೇ, ಅವನ ಕಾಲು ನೋಡುತ್ತಿದ್ದ ತಂಡದ ಹೊಸ ಡಾಕ್ಟರಿಗೆ ಕೂಗಿದಳು, "ಸಾಹೇಬ್ರ, ಮೆಲ್ಲಕ ಹಿಡೀರಿ, ಅಂವಗ ಕಚಗುಳಿ ಭಾಳ!" ಸ್ಪೀಕರಿನ ಹಾಡಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಕಿಶೋರನೂ ತಿರುಗಿ ನೋಡಲಿಲ್ಲ. ಅಷ್ಟು ಬಾಯಿಯ ಇಂದ್ರವ್ವ ತಂದಿದ್ದ ನಿಂಬೆಹೋಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ತನ್ನ ಜಾಗಕ್ಕೆ ಬಂದು ಕೂತಳು. ನನಗೆ ನಾಲ್ಕು ಜನರ ಮುಂದೆ ದನಿಯೇ ಹೊರಡುವುದಿಲ್ಲ. ಆದರೂ ಮುಂದಿನ ಪಂದ್ಯದಲ್ಲಿ ಅವಳ ಪಕ್ಕ ಕೂತು ನಾನೂ ಕೂಗುತ್ತೇನೆ.