ಗಂಡಸರ ಪಂಕ್ತಿಯಲ್ಲಿ ನನ್ನ ಎಲೆ

ನನ್ನ ಹಿರಿಮಗಳು ಹುಟ್ಟಿದಾಗ ಮೊರದಲ್ಲಿ ಮಲಗಿಸಿದರೆ ಇನ್ನೊಂದು ಕೂಸಿಗೆ ಜಾಗ ಉಳಿಯುತ್ತಿತ್ತು. ಅತ್ತೆಗೆ ಅದೇ ಹೆಮ್ಮೆ. ಬಸುರಿ ಹೊಟ್ಟೆ ತುಂಬ ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಅವರು ನನಗೆ ಅರೆಹೊಟ್ಟೆಯೇ ಬಡಿಸಿದ್ದರು. ಸುಲಭವಾಗಿ ಹೆತ್ತೆ, ಸುಳ್ಳೇಕೆ ಹೇಳಲಿ. ಆದರೆ ಎರಡು ವರ್ಷ ತುಂಬುತ್ತಿದ್ದರೂ ಮಗಳು ಗೋಡೆ ಹಿಡಿದು ನಿಲ್ಲುವುದರಲ್ಲೇ ಇದ್ದಳು.

ಅರವತ್ತರ ದಶಕದ ಶುರುವಿನಲ್ಲಿ ಮತ್ತೆ ಬಸುರಾದೆ. ಕೋಣಂದೂರಿನ ನರ್ಸಮ್ಮ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದರು. ಸೊಂಟದ ಮೇಲಿದ್ದ ಮಗಳನ್ನೂ ನೋಡಿದರು.

"ಮೈಯಲ್ಲಿ ರಕ್ತವೇ ಇಲ್ವಲ್ಲೇ ನಿಂಗೆ! ಇವ್ಳಿಗೆ ಯಾರ ದೃಷ್ಟೀನೂ ತಾಗಿಲ್ಲ. ಹೊಟ್ಟೇಲಿದ್ದಾಗ್ಲೇ ಹಸ್ದಿದಾಳೆ. ಇನ್ನೊಂದನ್ನಾದ್ರೂ ಉಪವಾಸ ಕೆಡವ್ಬೇಡ."

ದಾರಿಯುದ್ದಕ್ಕೂ ಅಳುತ್ತಲೇ ನಡೆದೆ. ಮನೆ ಮುಟ್ಟುವಷ್ಟರಲ್ಲಿ ಅಳು ಹೋಗಿ ಸಿಟ್ಟು ಮಾತ್ರ ಉಳಿದಿತ್ತು.

ನಮ್ಮಲ್ಲಿ ಗಂಡಸರು ಉಂಡೆದ್ದ ಮೇಲೆ ಹೆಂಗಸರ ಊಟ. ಅಷ್ಟು ಹೊತ್ತಿಗೆ ಸಾರಿನಲ್ಲಿ ಮೀನು ಹುಡುಕಬೇಕಿತ್ತು. ಮರುದಿನ ಮಧ್ಯಾಹ್ನ ನಾನೇ ಒಂದು ಬಾಳೆಲೆ ತಂದು ಗಂಡಸರ ಪಂಕ್ತಿಯಲ್ಲಿ, ಮಾವನ ಪಕ್ಕದಲ್ಲೇ ಕೂತೆ. ನನ್ನ ಗಂಡ ತಲೆ ಎತ್ತಲಿಲ್ಲ.

"ಎಂತ ಇದು? ನಾಚ್ಕೆ ಆಗಲ್ವನೇ?" ಎಂದರು ಅತ್ತೆ.

"ಊಟ ನಂಗಲ್ಲ ಅತ್ತೆ, ಹೊಟ್ಟೇಲಿರೋದಕ್ಕೆ. ಗಂಡಾದ್ರೆ ಇಲ್ಲೇ ಕೂರ್ಬೇಕಾದ್ದಲ್ವಾ?"

ಮಾವನಿಗೆ ನಗು ತಡೆಯಲಾಗಲಿಲ್ಲ. "ಬಡ್ಸೇ, ಬಡ್ಸು" ಎಂದರು.

ಹೆರಿಗೆಯವರೆಗೂ ಆ ಜಾಗ ನನ್ನದೇ ಆಯಿತು. ಕೇರಿಯವರು ಆಡಿಕೊಂಡರು, ನಾನು ಕ್ಯಾರೇ ಎನ್ನಲಿಲ್ಲ. ನರ್ಸಮ್ಮ ಕೊಟ್ಟ ಗುಳಿಗೆಯನ್ನೂ ಬಿಡದೆ ನುಂಗಿದೆ. ಹೆರಿಗೆ ಮಾಡಿಸಲು ಅವರೇ ಬಂದರು. ಹುಟ್ಟಿದ್ದು ಹೆಣ್ಣು, ಮೊರ ತುಂಬ ಹೆಣ್ಣು! ನನಗಾದ ಜಂಬ ಅಷ್ಟಿಷ್ಟಲ್ಲ.

ಅವಳು ಸರಸರನೆ ಬೆಳೆದಳು. ಶಾಲೆಗೆ ಸೇರುವ ಹೊತ್ತಿಗೆ ತಂಗಿಗೆ ಗಿಡ್ಡವಾದ ಲಂಗವನ್ನು ಅಕ್ಕನಿಗೆ ತೊಡಿಸುವಂತಾಯಿತು. ಆಮೇಲೆ ಎಷ್ಟು ಹಾಲು, ಮೊಟ್ಟೆ ಕೊಟ್ಟರೂ ಹಿರಿಯವಳಿಗೆ ಹೊಟ್ಟೆಯಲ್ಲಿದ್ದಾಗ ತಪ್ಪಿದ್ದು ತುಂಬಲಿಲ್ಲ. ಅತ್ತೆ ಇದನ್ನೆಲ್ಲ ನೋಡುತ್ತಲೇ ಇದ್ದರು.

ಆಮೇಲೆ ಮೈದುನನ ಹೆಂಡತಿ ಬಸುರಾದಳು. ಹೊಸನಗರದ ಕಡೆಯ ಸಂಕೋಚದ ಹುಡುಗಿ. ಊಟದ ಹೊತ್ತಿಗೆ ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದಳು. ಅತ್ತೆ ನನ್ನ ಹಿರಿಮಗಳನ್ನು ಕರೆದರು.

"ಚಿಕ್ಕಮ್ಮಂಗೆ ಅಜ್ಜನ ಪಕ್ಕ ಎಲೆ ಹಾಕೇ."

ನಾನು ಅತ್ತೆಯನ್ನು ಕೇಳಿರಲಿಲ್ಲ, ಮಗಳಿಗೂ ಹೇಳಿಕೊಟ್ಟಿರಲಿಲ್ಲ. ತಂಗಿಯ ಹಳೇ ಲಂಗ ತೊಟ್ಟಿದ್ದ ಮಗಳು ಎಲೆ ಹಾಸಿ, ನೀರು ಚಿಮುಕಿಸಿ, ಚಿಕ್ಕಮ್ಮನ ಕೈ ಹಿಡಿದು ತಂದು ಕೂರಿಸಿದಳು.

"ಹೊಟ್ಟೆ ತುಂಬ ಉಣ್ಣು ಚಿಕ್ಕಮ್ಮ. ಪಾಪು ನನ್ನಂಗಾಗೋದು ಬೇಡ."

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮೊದಲ ತುಂಡು ಮೀನನ್ನು ಆ ಎಲೆಗೇ ಬಡಿಸಿದರು.