ಒತ್ತಕ್ಷರಕ್ಕೆ ಎಷ್ಟು ಜಾಗ ಬೇಕು?

ಗಣಿಯ ಭರಾಟೆಯ ಆ ಕಾಲದಲ್ಲಿ ನಮ್ಮ ಹೊಸಪೇಟೆಯಲ್ಲಿ ಏನು ಕೆಟ್ಟರೂ ತಪ್ಪು ಅದಿರಿನ ಧೂಳಿನದೇ. ಕೆಮ್ಮು ಬಂದರೆ ಧೂಳು, ಫ್ಯಾನು ನಿಂತರೆ ಧೂಳು, ಗಂಡ ಹೆಂಡಿರು ಮಾತು ಬಿಟ್ಟರೂ ಧೂಳು. ಸಂಡೂರಿನ ಲಾರಿಗಳು ನಮಗೆ ಮಾಡಿದ ದೊಡ್ಡ ಉಪಕಾರವೆಂದರೆ ಈ ನೆಪ. ಹಾಗಾಗಿ ಅತ್ತೆಯ ಹಾಡುಗಳಿದ್ದ ಫೋಲ್ಡರ್ ತೆರೆದೊಡನೆ ಮನೆಯ ಕಂಪ್ಯೂಟರ್ ಸತ್ತು ಬೀಳತೊಡಗಿದಾಗ ನಾನೂ ನೆಮ್ಮದಿಯಿಂದ ಧೂಳನ್ನೇ ಬೈದೆ.

ನಿಜ ಹೇಳಬೇಕೆಂದರೆ ತಪ್ಪು ನನ್ನದು. ಅದಿರು ಕಂಪನಿಯೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ನನಗೆ ತಲೆಯ ಮೇಲೆ ಕೊಂಬು ಮೂಡಿತ್ತು. ದೂರದೂರದ ನಾಲ್ಕಾರು ಮಂದಿ ಸೇರಿ ಬರೆದು ಪುಕ್ಕಟೆ ಹಂಚುತ್ತಿದ್ದ ಹೊಸ ಫೈಲ್‌ಸಿಸ್ಟಮ್ ಒಂದನ್ನು, ಅಂದರೆ ಡಿಸ್ಕಿನಲ್ಲಿ ಯಾವುದು ಎಲ್ಲಿದೆ ಎಂದು ನೋಡಿಕೊಳ್ಳುವ ವ್ಯವಸ್ಥೆಯನ್ನು, ಮನೆಯ ಯಂತ್ರಕ್ಕೆ ಹಾಕಿದ್ದೆ. ಯಾರೂ ಕೇಳಿರಲಿಲ್ಲ. ಅತ್ತೆ, ಹೆಂಡತಿಯ ತಾಯಿ, ಬುಕ್ಕಸಾಗರದ ಗದ್ದೆಗಳಲ್ಲಿ ನಾಟಿಯ ಹಾಡಿಗೆ ಹೆಸರಾದವರು. ಗಂಟಲಿನ ಆಪರೇಷನ್ನಿಗೆ ಮುಂಚೆ ನನ್ನ ಹೆಂಡತಿ ಅವರಿಂದ ಹಾಡಿಸಿ ಅದೇ ಯಂತ್ರಕ್ಕೆ ತುಂಬಿಸಿದ್ದಳು. ಆಮೇಲೆ ಅವರಿಗೆ ಉಳಿದದ್ದು ಪಿಸುಮಾತು. ಇನ್ನೊಮ್ಮೆ ಹಾಡಿ ಎನ್ನುವಂತಿರಲಿಲ್ಲ, ಬೇರೆ ಪ್ರತಿಯೂ ಇರಲಿಲ್ಲ.

ಮೆಮೊರಿ ಪಟ್ಟಿಯನ್ನು ಕಿತ್ತು ರಬ್ಬರಿನಿಂದ ಉಜ್ಜಿದೆ, ಊದಿದೆ. ಏನೂ ಆಗಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಫೈಲ್‌ಸಿಸ್ಟಮ್ ಬರೆದ ಆ ಬಳಗಕ್ಕೆ ಮೇಲ್ ಬರೆದೆ. ಯಾನ್ ಎಂಬ ಹಿಮದ ನಾಡಿನವನೊಬ್ಬ ಉತ್ತರಿಸಿದ: ಫೈಲಿನ ಹೆಸರಿನಲ್ಲಿ ಎಷ್ಟು ಅಕ್ಷರ? ಹಾಡಿನ ಮೊದಲ ಸಾಲೇ ಫೈಲಿನ ಹೆಸರು, ಅಪ್ಪಟ ಕನ್ನಡದಲ್ಲಿ. ಎಣಿಸಿ ಮೂವತ್ತು ಎಂದೆ. ಅವನು ತನ್ನ ಭಾಷೆಯ ಮೂವತ್ತು ಅಕ್ಷರ ಹಾಕಿ ನೋಡಿದ. ಅವನ ಯಂತ್ರ ಬೀಳದೆ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿ ನಿಂತಿತು. ಹೆಸರನ್ನೇ ಕಳಿಸೋಣವೆಂದರೆ ಕನ್ನಡವೆಲ್ಲ ಅವನಿಗೆ ಪ್ರಶ್ನೆಚಿಹ್ನೆಗಳಾಗಿ ಮುಟ್ಟುತ್ತಿತ್ತು. ಅವನು ತಿದ್ದಿ ಕಳಿಸುವುದು, ನಾನು ಹಾಕಿ ನೋಡುವುದು, ಯಂತ್ರ ಬೀಳುವುದು, ಬಿದ್ದ ಸಮಾಚಾರ ನಾನು ಬರೆಯುವುದು. ಹೀಗೆ ವಾರಗಳು ಕಳೆದವು. ಮುಖ ನೋಡದ ಆ ಮನುಷ್ಯ ಅಷ್ಟರಲ್ಲಿ ನಮ್ಮತ್ತೆಯ ಆರೋಗ್ಯ ವಿಚಾರಿಸತೊಡಗಿದ್ದ.

ಕಂಪ್ಲಿಯ ಶಾಲೆಯಲ್ಲಿ ಕನ್ನಡ ಕಲಿಸುವ ನನ್ನಾಕೆ ಒಂದು ಭಾನುವಾರ ಬೆನ್ನ ಹಿಂದೆ ನಿಂತು ನನ್ನ ಮೇಲ್ ಓದಿದಳು.

"ಮೂವತ್ತು ಅಂತ ಹೆಂಗ ಬರದ್ರಿ?"

"ಎಣಿಸೀನಲ್ಲ. ಹಾಡಿನ ಹೆಸರಿನ್ಯಾಗಿನ ‘ವ್ವ’ ಒಂದ ಅಕ್ಷರ ಹೌದಿಲ್ಲೋ?"

"ಹಾಳ್ಯಾಗ ಒಂದ. ಟೈಪ್ ಮಾಡುವಾಗ ಮೂರು ಕೀ ಒತ್ತೀನ್ರಿ ನಾನು. ವ, ಒತ್ತಿನ ಕೀ, ಮತ್ತ ವ."

ನಾನು ಬೆರಳು ಮಡಿಸಿ ಮತ್ತೆ ಎಣಿಸತೊಡಗಿದೆ. ಒತ್ತು, ಕೊಂಬು, ಗುಡಿಸು ಎಲ್ಲ ಬಿಡಿಬಿಡಿ, ಒಂದೊಂದಕ್ಕೂ ಯಂತ್ರದೊಳಗೆ ಮೂರು ಮನೆ, ಅಂದರೆ ಮೂರು ಬೈಟ್. ಯಾನ್‌ನ ಭಾಷೆಯ ಅಕ್ಷರಕ್ಕೆ ಒಂದೋ ಎರಡೋ ಸಾಕು. ನಮ್ಮ ಒಂದು ‘ವ್ವ’ಕ್ಕೆ ಒಂಬತ್ತು! ಒಬ್ಬನಿಗೆ ಎಲೆ ಹಾಕಿದ ಕಡೆ ಒಂಬತ್ತು ಮಂದಿ ಕುಳಿತರೆ ಪಕ್ಕದವರ ಎಲೆಗೆ ಕೈ ಬೀಳದೆ ಇರುತ್ತದೆಯೇ? ಹಾಡಿನ ಹೆಸರುಗಳು ತಮಗೆ ಮೀಸಲಿಟ್ಟ ಜಾಗ ಮೀರಿ, ಮೆಮೊರಿಯಲ್ಲಿ ಪಕ್ಕದಲ್ಲಿದ್ದುದನ್ನೆಲ್ಲ ತುಳಿಯುತ್ತಿದ್ದವು. ಹಂಪಿಯಲ್ಲಿ ಶಾಸನ ಕೆತ್ತಿದವನಿಗೆ ಈ ಬುದ್ಧಿ ಇತ್ತು. ಸಾಲಿನ ಕೆಳಗೆ ಒತ್ತಿಗೆ ಜಾಗ ಬಿಟ್ಟೇ ಉಳಿ ಹಿಡಿದಿದ್ದಾನೆ.

ಹೆಂಡತಿಯ ಲೆಕ್ಕವನ್ನು ಬರೆದು ಕಳಿಸಿದೆ. ಯಾನ್ ಎರಡೇ ಸಾಲು ತಿದ್ದಿದ. ಫೋಲ್ಡರ್ ತೆರೆಯಿತು. ಅಮ್ಮನ ದನಿ ಕೇಳಿ ಆಕೆ ಅತ್ತಳು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಹಾಡುಗಳನ್ನು ಸಿಡಿಗೆ ಹಾಕಿಕೊಂಡು ಬುಕ್ಕಸಾಗರಕ್ಕೆ ಹೋದೆವು. ಅತ್ತೆ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ಕೇಳಿದರು. ಮೂರನೆಯ ಹಾಡಿಗೆ ಮುಖ ಗಂಟಾಯಿತು.

"ಇಲ್ಲೊಂದು ಸಾಲು ತಪ್ಪೀನಿ ಅಳಿಯಾರ," ಎಂದು ಪಿಸುಗುಟ್ಟಿದರು. "ನಾಕು ಮಂದಿ ಕೇಳಿದ್ರ ನಗ್ತಾರ. ಅಳಿಸಿಬಿಡ್ರಿ ಇದನ್ನ."

"ಈ ಯಂತ್ರದಾಗ ಅಳಿಸಾಕ ಬರಂಗಿಲ್ರಿ ಅತ್ತಿ," ಎಂದೆ.

"ಭಾಳ ದಡ್ಡ ಯಂತ್ರ ಐತಿ ಬಿಡ್ರಿ."

ಇರಲಿ. ಹಾಡಿನ ಆ ಒಂದು ತಪ್ಪನ್ನು ಮಾತ್ರ ನಾನು ಯಾನ್‌ಗೂ ತಿಳಿಸಿಲ್ಲ, ಎಲ್ಲಾದರೂ ತಿದ್ದಿಬಿಟ್ಟಾನು.