ಗೊಂಬೆ ಸಿಕ್ಕಿತು, ಹಣಮಂತ ಸಿಗಲಿಲ್ಲ

‘ಪ್ರಯೋಗ ಯಶಸ್ವಿಯಾಗಿದೆ. ಆದರೆ ನಿಮ್ಮ ಮನುಷ್ಯ ನೀರಿನಿಂದ ಮೇಲೆ ಬಂದಿಲ್ಲ.’

ಫೋನಿನಲ್ಲಿದ್ದವನು ಹಿಂದಿಯಲ್ಲಿ ಹೇಳಿದ್ದು ಇದೇ ಕ್ರಮದಲ್ಲಿ. ಮೊದಲು ಯಶಸ್ಸು, ಆಮೇಲೆ ಮನುಷ್ಯ.

ಫೋನು ನನ್ನದಲ್ಲ. ಸುರಪುರದಲ್ಲಿ ನಮ್ಮ ಪಕ್ಕದ ಮನೆಯ ದೇವಮ್ಮನದು. ನಾನು ಕಾಲೇಜಿನಲ್ಲಿ ಹಿಂದಿ ಪಾಠ ಮಾಡುವವನು (ಓಣಿಗೆ ಬರುವ ಹಿಂದಿ ಫೋನುಗಳೆಲ್ಲ ನನ್ನ ಕಿವಿಗೇ ಬರುತ್ತವೆ). ‘ಸರ್ರ, ಯಾರೋ ಹಿಂದಿಯಾಗ ಮಾತಾಡಾಕತ್ಯಾರ. ನಮ್ಮನಿಯವರ ಹೆಸರು ಅಷ್ಟ ತಿಳೀತು. ನೀವ ಕೇಳ್ರಿ’ ಎಂದು ಕೈಗಿತ್ತಿದ್ದಳು.

ಕೇಳಿದೆ. ಈಗ ಹೇಳಬೇಕಿತ್ತು. ಅವಳ ಕೈಯಲ್ಲಿ ಇನ್ನೂ ರೊಟ್ಟಿಯ ಹಿಟ್ಟಿತ್ತು. ನೀವಾಗಿದ್ದರೆ ಹೇಗೆ ಹೇಳುತ್ತಿದ್ದಿರಿ?

ದೇವಮ್ಮನ ಗಂಡ ಹಣಮಂತ ಯಾರೆಂದು ನಮ್ಮ ಸುರಪುರ, ಶಹಾಪುರದವರಿಗೆ ಹೇಳಬೇಕಿಲ್ಲ. ಕೃಷ್ಣಾ ನದಿಯಲ್ಲೋ ಕಾಲುವೆಯಲ್ಲೋ ಯಾರಾದರೂ ಮುಳುಗಿದರೆ ಪೊಲೀಸರು ಮೊದಲು ಕರೆಯುತ್ತಿದ್ದದ್ದು ಅವನನ್ನು. ಮೀನು ಹಿಡಿಯುವ ಮನೆತನ. ಮೊಸಳೆಗಳಿರುವ ನೀರಿಗೂ ಇಳಿಯುತ್ತಿದ್ದ. ನನ್ನ ತಮ್ಮನ ಹೆಣವನ್ನು ಕಾಲುವೆಯಿಂದ ಎತ್ತಿ ಕೊಟ್ಟವನೂ ಅವನೇ. ಹುಡುಕಲು ಬಂದ ಬೋಟಿನವರು ಸಾಕೆಂದು ಹಗ್ಗ ಸುತ್ತಿಕೊಂಡು ಹೋದ ಮೇಲೆ ಇನ್ನೊಮ್ಮೆ ಮುಳುಗಿದ್ದ. ‘ನಿಮ್ಮವ್ವಗ ಮಾರಿ ತೋರಿಸಬೇಕಲ್ರಿ’ ಅಂದಿದ್ದ.

ಇಂಥವನಿಗೂ ಬಾಹ್ಯಾಕಾಶಕ್ಕೂ ಏನು ಸಂಬಂಧ?

ಇದೆ. ಸರ್ಕಾರ ಮನುಷ್ಯರನ್ನು ಆಕಾಶಕ್ಕೆ ಕಳಿಸಲು ತಯಾರಿ ನಡೆಸಿದೆ. ಹೋದವರು ಮರಳುವಾಗ ಅವರ ಕ್ಯಾಬಿನ್ ಪ್ಯಾರಾಚೂಟ್ ಬಿಚ್ಚಿಕೊಂಡು ಸಮುದ್ರಕ್ಕಿಳಿಯುತ್ತದೆ. ಅದನ್ನು ಹಿಡಿದು, ಹಗ್ಗ ಕಟ್ಟಿ, ಹಡಗಿಗೆ ಎತ್ತಬೇಕು. ಆ ಎತ್ತುವ ಉಸ್ತುವಾರಿ ಒಂದು ಖಾಸಗಿ ಕಂಪನಿಯದು. ನೀರಿಗಿಳಿಯುವ ಜನರನ್ನು ಒದಗಿಸುವ ಗುತ್ತಿಗೆ ಇನ್ನೊಂದು ಏಜೆನ್ಸಿಯದು. ಪ್ರವಾಹದಲ್ಲಿ ಹಣಮಂತ ಜನರನ್ನು ದಡಕ್ಕೆ ತರುವ ವಿಡಿಯೊ ನೋಡಿ ಏಜೆನ್ಸಿಯವರು ಹುಡುಕಿಕೊಂಡು ಬಂದರು. ಟ್ರೇನಿಂಗ್ ಕೊಟ್ಟರು. ನೀರಿಗಿಳಿಯಲು ಎದೆಯ ಮೇಲೆ ದೇಶದ ಬಾವುಟವಿದ್ದ ಕಪ್ಪು ಸೂಟು ಕೊಟ್ಟರು. ಆ ಸೂಟಿನ ಫೋಟೊ ನಮ್ಮ ಓಣಿಯ ಎಲ್ಲ ಮೊಬೈಲಿಗೂ ಬಂತು.

‘ದೇಶದ ಕೆಲಸ ಐತ್ರಿ ಸರ್ರ. ಮ್ಯಾಲಿಂದ ಬರೋರನ್ನ ಮೊದಲ ಮುಟ್ಟೋರು ನಾವ’ ಅಂದಿದ್ದ. ಅವನು ಅಷ್ಟು ನಕ್ಕಿದ್ದನ್ನು ನಾನು ಬೇರೆಂದೂ ನೋಡಿಲ್ಲ.

ಹಿಂದಿಯ ಆ ಫೋನು ಬಂದ ದಿನವೇ ನಾನು ಬಾಹ್ಯಾಕಾಶದ ಸರ್ಕಾರಿ ಕಚೇರಿಗೆ ಫೋನು ಮಾಡಿದೆ. ಅಧಿಕಾರಿ ಮೃದುವಾಗಿಯೇ ಮಾತಾಡಿದರು. ‘ಸಮುದ್ರದ ಕಾರ್ಯಾಚರಣೆ ಕಂಪನಿಯದು, ಅವರನ್ನು ಕೇಳಿ.’ ಕಂಪನಿಯವರು: ‘ಮುಳುಗುಗಾರರು ನಮ್ಮ ನೌಕರರಲ್ಲ, ಏಜೆನ್ಸಿಯನ್ನು ಕೇಳಿ.’ ಏಜೆನ್ಸಿಯವರು: ‘ನಾವು ಜನ ಕೊಡುವವರಷ್ಟೇ. ಹಡಗಿನ ಮೇಲೆ ಏನಾಯಿತೋ ನಮಗೇನು ಗೊತ್ತು?’

ಮೂವರೂ ಕೊನೆಗೆ ಥ್ಯಾಂಕ್ಯೂ ಹೇಳಿದರು.

ಮರುದಿನ ಪೇಪರಿನಲ್ಲಿ ಸುದ್ದಿ ಬಂತು. ಕ್ಯಾಬಿನ್ ಎತ್ತುವ ಪರೀಕ್ಷೆ ಯಶಸ್ವಿ, ಒಳಗೆ ಕೂರಿಸಿದ್ದ ಮನುಷ್ಯ ಗಾತ್ರದ ಗೊಂಬೆ ಸುರಕ್ಷಿತ. ಸುಳ್ಳೇನಲ್ಲ. ಗೊಂಬೆಗೆ ಒಂದು ಗೀರೂ ಬಿದ್ದಿರಲಿಲ್ಲ. ಹಣಮಂತನ ಬಗ್ಗೆ ಒಂದು ಸಾಲೂ ಇರಲಿಲ್ಲ.

ಹಣಮಂತನ ಅಣ್ಣ ಭೀಮಣ್ಣನೂ ನಾನೂ ಯಾದಗಿರಿಯಲ್ಲಿ ರೈಲು ಹತ್ತಿ ಪೂರ್ವ ಕರಾವಳಿಗೆ ಹೋದೆವು. ಬಂದರಿನ ಗೇಟಿನ ಹೊರಗೆ, ಅಂದು ಹಡಗಿನಲ್ಲಿದ್ದ ಹಣಮಂತನ ಜೊತೆಗಾರನೊಬ್ಬ ನಮಗಾಗಿ ಕಾಯುತ್ತಿದ್ದ. ತೆಲುಗಿನವನು. ಭೀಮಣ್ಣ ತೆಲಂಗಾಣದ ಗಡಿಯ ಗುರುಮಠಕಲ್ ಕಡೆ ದುಡಿದವನಾದ್ದರಿಂದ ಅವನಿಗೆ ತೆಲುಗು ಬರುತ್ತದೆ. ಕೇಳಿ ಕೇಳಿ ನನಗೆ ಹೇಳಿದ.

ಪ್ಯಾರಾಚೂಟಿನ ಹಗ್ಗಗಳು ಕಳಚಿರಲಿಲ್ಲವಂತೆ. ಕ್ಯಾಬಿನ್ನಿನ ತಳಕ್ಕೆ ಸುತ್ತಿಕೊಂಡು ಅದನ್ನು ಓರೆ ಮಾಡುತ್ತಿದ್ದವಂತೆ. ಹಣಮಂತ ಕತ್ತರಿಸಲು ಕೆಳಗೆ ಹೋದ. ಇಂಥ ಹೊತ್ತಿಗೆಂದೇ ಪಕ್ಕದಲ್ಲಿ ಇನ್ನೊಂದು ಬೋಟಿರಬೇಕು, ಅದರಲ್ಲಿ ಇನ್ನೊಬ್ಬ ಮುಳುಗುಗಾರ ಸಜ್ಜಾಗಿರಬೇಕು. ಅಂದು ಆ ಬೋಟು ಬಂದಿರಲಿಲ್ಲ. (ಅದು ಮತ್ತೊಬ್ಬ ಗುತ್ತಿಗೆದಾರರದು.) ಪರೀಕ್ಷೆಗೆ ಮೊದಲೇ ಹಡಗಿನ ಮೇಲಿದ್ದ ಸರ್ಕಾರಿ ಅಧಿಕಾರಿ ‘ಬೋಟಿಲ್ಲದೆ ಮುಂದುವರಿಸಬಹುದಾ?’ ಎಂದು ಕೇಳಿದರಂತೆ. ಕಂಪನಿಯ ಮ್ಯಾನೇಜರ್ ‘ಯೆಸ್ ಸರ್’ ಅಂದರಂತೆ.

ಕೇಳಿದವರಿಗೆ ಕೇಳಿದ ಸಮಾಧಾನ. ಹೇಳಿದವರಿಗೆ ಹೇಳಿದ ಸಮಾಧಾನ. ನೀರಿನಲ್ಲಿ ಇದ್ದದ್ದು ಯಾರು?

ಮ್ಯಾನೇಜರ್ ನಮಗೆ ಎಸಿ ರೂಮಿನಲ್ಲಿ ಕುರ್ಚಿ ಹಾಕಿಸಿದರು. ‘ನಮಗೂ ದುಃಖವಿದೆ. ಆದರೆ ಅವರು ಅನುಮತಿ ಇಲ್ಲದೆ ಕ್ಯಾಬಿನ್ನಿನ ಕೆಳಗೆ ಹೋದರು. ಅದು ರೂಲ್ಸಿಗೆ ವಿರುದ್ಧ’ ಎಂದರು. ಭೀಮಣ್ಣನಿಗೆ ಕನ್ನಡದಲ್ಲಿ ಹೇಳಿದೆ.

‘ಅನುಮತಿ ಕೇಳಾಕ ನೀರಾಗ ಯಾರಿದ್ರು ಅಂತ ಕೇಳ್ರಿ ಸರ್ರ, ಇವರನ್ನ.’

ಕೇಳಿದೆ. ಮ್ಯಾನೇಜರ್ ಎದುರಿದ್ದ ಬಾಟಲಿ ತೆಗೆದು ನೀರು ಕುಡಿದರು.

ಹಣಮಂತನನ್ನು ಕೊನೆಗೆ ತಂದವರು ಆ ತೀರದ ಮೀನುಗಾರರು. ಅವರ ಬಲೆಗೆ ಸಿಕ್ಕಿದ್ದ. ಕಾಲಿಗೆ ಪ್ಯಾರಾಚೂಟಿನ ಹಗ್ಗ ಹಾಗೇ ಇತ್ತು. ಹಿಡಿದ ಮೀನನ್ನೆಲ್ಲ ಸಮುದ್ರಕ್ಕೆ ಸುರಿದು, ಬೋಟಿನಲ್ಲಿ ಅವನೊಬ್ಬನನ್ನೇ ಮಲಗಿಸಿಕೊಂಡು ದಡಕ್ಕೆ ಬಂದರು. ಯಾರ ಕಡೆಯ ಮನುಷ್ಯ ಎಂದು ಅವರು ಕೇಳಲಿಲ್ಲ. ಭೀಮಣ್ಣ ಆ ಹೆಣದ ಪಕ್ಕ ಕೂತು, ಸೂಟಿನ ಎದೆಯ ಮೇಲಿದ್ದ ಮರಳನ್ನು ಅಂಗೈಯಿಂದ ಒರೆಸುತ್ತಲೇ ಇದ್ದ.

ಖಾಸಗಿಯವರು ಇಂಥ ಕೆಲಸ ಮಾಡಬಾರದೇ? ಮಾಡಲಿ. ನನಗೆ ತಕರಾರಿಲ್ಲ. ಸರ್ಕಾರದವರೆಲ್ಲ ಸಾಚಾ, ಖಾಸಗಿಯವರೆಲ್ಲ ಕಳ್ಳರು ಅನ್ನುವಷ್ಟು ದಡ್ಡ ನಾನಲ್ಲ. ಕೆಲಸವನ್ನು ಎಷ್ಟು ಕೈಗಳಿಗಾದರೂ ಹಂಚಬಹುದು. ಹೊಣೆಯನ್ನೂ ಹಾಗೇ ಹಂಚುತ್ತ ಹೋದರೆ? ಹಂಚಿ ಹಂಚಿ ಕೊನೆಗೆ ಅದು ಯಾರ ಪಾಲಿಗೂ ಉಳಿಯುವುದಿಲ್ಲ.

ಮಣ್ಣು ಮಾಡಿ ಬಂದ ಮೇಲೆ ದೇವಮ್ಮ ಎಲ್ಲವನ್ನೂ ಕೇಳಿದಳು. ಬೋಟು ಬಾರದ್ದು, ‘ಯೆಸ್ ಸರ್’ ಅಂದದ್ದು, ರೂಲ್ಸು. ನಾನು ಏನನ್ನೂ ಮುಚ್ಚಿಡಲಿಲ್ಲ. ಅವಳು ಅಳಲಿಲ್ಲ. ಕಂಪನಿಯವರನ್ನು ಬೈಯಲೂ ಇಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಒಂದೇ ಮಾತು ಕೇಳಿದಳು:

‘ಸರ್ರ, ನಾಳೆ ಆ ಕ್ಯಾಬಿನ್ನಿನಾಗ ಕುಂತು ಮ್ಯಾಲ ಹೋಗೋರ ಹೆಂಡ್ರಿಗೆ ಇದೆಲ್ಲಾ ಗೊತ್ತೈತೇನ್ರಿ?’